ಎಲ್ಲಿಗೆಂದು ಕೇಳದ ಮನೆ

ನಮ್ಮ ಮನೆಗೆ ಬಂದವರು ಮೊದಲು ಎಡವುವುದು ಒಂದು ಕುರ್ಚಿಗೆ. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟರೆ ಎಡಗಡೆಗೆ, ಕದ ಪೂರ್ತಿ ತೆರೆಯದ ಹಾಗೆ ಅಡ್ಡ ಕೂತಿದೆ ಅದು. ಕಬ್ಬಿಣದ ಮಡಚುವ ಕುರ್ಚಿ. ಯಾವ ಕಾಲದಲ್ಲಿ ಯಾರ ಮದುವೆಗೆ ಬಾಡಿಗೆಗೆ ತಂದದ್ದೋ, ಮರಳಿಸಲು ಮರೆತದ್ದೋ, ಬೆನ್ನ ಮೇಲೆ ಶಾಮಿಯಾನದವರ ಹೆಸರು ಅರ್ಧ ಅಳಿಸಿಹೋಗಿ ಇನ್ನರ್ಧ ಉಳಿದಿದೆ. ಪಕ್ಕದಲ್ಲೊಂದು ಸ್ಟೂಲು, ಅದರ ಮೇಲೆ ತಂಬಿಗೆ ನೀರು, ಮುಚ್ಚಳದ ಡಬ್ಬಿಯಲ್ಲಿ ಬೆಲ್ಲದ ತುಣುಕು. ಬಂದವರು ಮೊಣಕಾಲು ಉಜ್ಜಿಕೊಳ್ಳುತ್ತಾ, "ಇದನ್ಯಾಕ್ರಿ ದಾರ್ಯಾಗ ಇಟ್ಟೀರಿ? ತೆಗ್ದು ಆಚಿ ಕಡಿ ಇಡ್ರಲ್ಲ" ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ, ತೆಗೆಯುವುದಿಲ್ಲ. ಎಲ್ಲರಿಗೂ ವಿವರಿಸುತ್ತಾ ಕೂತರೆ ಅಂಚೆ ಕಚೇರಿಯ ಕೌಂಟರ್ ತೆರೆಯುವವರು ಯಾರು? ನಿಮಗಾದರೆ ಹೇಳಬಹುದು, ನೀವೇನೂ ಅವಸರದಲ್ಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಅಂಜುಬುರುಕಿ. ತೆಲಂಗಾಣದ ಗಡಿಯಲ್ಲಿರುವ ಈ ಜಹೀರಾಬಾದಿನ ಅಂಚೆ ಕಚೇರಿಯಲ್ಲಿ ನನ್ನ ಸಂಬಳದ ಕೆಲಸ ಸ್ಟಾಂಪು, ಪಾರ್ಸೆಲ್ಲು, ಉಳಿತಾಯ ಖಾತೆ. ಸಂಬಳವಿಲ್ಲದೆ ಮಾಡುವ ಕೆಲಸ ಫಿಕರ್, ಅಂದರೆ ಚಿಂತೆ. ಬೆಳಿಗ್ಗೆ ಹೊರಟು ಓಣಿಯ ಮೂಲೆ ತಿರುಗಿದ ಕೂಡಲೇ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಫಿಕರ್. ಆರಿಸಿದ್ದೇನೆ ಎಂದು ಖಾತ್ರಿಯಾದರೆ, ಇಷ್ಟು ಬೇಗ ಹೇಗೆ ಖಾತ್ರಿಯಾಯಿತು ಎಂಬ ಫಿಕರ್. ಫೋನ್ ಬಂದರೆ ಯಾರಿಗೆ ಏನಾಯಿತೋ ಅನ್ನಿಸುತ್ತದೆ, ಬಾರದಿದ್ದರೆ ಹೇಳಲಾರದಂಥದ್ದೇ ಆಗಿರಬೇಕು ಅನ್ನಿಸುತ್ತದೆ. ನಮ್ಮ ಮನೆಯವರು ಗಣಿತದ ಮಾಸ್ತರರು, ಹೋದ ವರ್ಷ ನಿವೃತ್ತರಾದವರು. "ನಿನ್ನ ಫಿಕರಿಗಿ ಬುಡಾನೂ ಇಲ್ಲ, ತುದೀನೂ ಇಲ್ಲ ನೋಡು" ಎಂದು ನಗುತ್ತಾರೆ. ಬುಡ ಇದೆ. ಅದು ತಾಂಡೂರಿನಲ್ಲಿದೆ.

ನಮ್ಮ ಕಡೆಯ ಒಂದು ರೂಢಿ ನಿಮಗೆ ಗೊತ್ತಿರಬಹುದು. ಹೊರಟು ನಿಂತವರನ್ನು 'ಎಲ್ಲಿಗೆ' ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ. ಕೇಳಲೇಬೇಕೆಂಬ ಚಟ ತಡೆಯದಿದ್ದರೆ "ದೂರ ಏನ್ರಿ?" ಎನ್ನಬೇಕು. ಹೊರಟವರೂ ಮರ್ಯಾದಸ್ಥರು. "ಹಾಂ, ಜರಾ ದೂರ" ಎನ್ನುತ್ತಾರೆ, ಅಥವಾ "ಇಲ್ಲೇ" ಎನ್ನುತ್ತಾರೆ. 'ಇಲ್ಲೇ' ಅಂದರೆ ಓಣಿಯ ಕಿರಾಣಿ ಅಂಗಡಿಯೂ ಆಗಬಹುದು, ಸೊಲ್ಲಾಪುರವೂ ಆಗಬಹುದು. ನಮ್ಮ ತೆಲುಗಿನ ನೆರೆಯವರೂ "ದೂರಮಾ?" ಎಂದಷ್ಟೇ ಕೇಳಿ ಬಾಯಿ ಮುಚ್ಚುತ್ತಾರೆ. ಇನ್ನು ಹೊರಟ ಮೇಲೆ ಏನಾದರೂ ಮರೆತದ್ದು ನೆನಪಾದರೆ ತಿರುಗಿ ಬರಬಾರದು. ಅಕಸ್ಮಾತ್ ಯಾರಾದರೂ ಎಲ್ಲಿಗೆ ಅಂದುಬಿಟ್ಟರೆ, ಅಥವಾ ತಿರುಗಿ ಬರಲೇಬೇಕಾದರೆ, ಎರಡಕ್ಕೂ ಪರಿಹಾರ ಒಂದೇ. ಒಳಗೆ ಬಂದು, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು.

ಬೇರೆ ಮನೆಗಳಲ್ಲಿ ಇದು ರೂಢಿ, ನಮ್ಮ ಮನೆಯಲ್ಲಿ ಕಾನೂನು. ಅಪ್ಪ ತಾಂಡೂರಿನ ಫರಶಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಸಂಜೆ ಸೈಕಲ್ ಮೇಲೆ ಮನೆಗೆ ಬಂದರೆ ಕಲ್ಲಿನ ಧೂಳಿಗೆ ಹುಬ್ಬು ಕೂಡ ಬೆಳ್ಳಗಿರುತ್ತಿತ್ತು. ಅವ್ವ ಅಂಗಳದಲ್ಲೇ ನಿಲ್ಲಿಸಿ ಸೆರಗಿನಿಂದ ಅವರ ಬೆನ್ನು ಕೊಡವುತ್ತಿದ್ದಳು. ಅಪ್ಪ ಊಟ ಮಾಡುವಷ್ಟರಲ್ಲಿ ನಾನು ಆ ಸೈಕಲನ್ನು ಎಳೆದುಕೊಂಡು ಹೋಗುತ್ತಿದ್ದೆ. ಸೀಟು ನನ್ನ ಭುಜದಷ್ಟು ಎತ್ತರ. ಅಡ್ಡ ಕೋಲಿನ ಕೆಳಗೆ ಕಾಲು ತೂರಿಸಿ, ಮೈಯನ್ನೆಲ್ಲ ಒಂದು ಕಡೆ ಸೊಟ್ಟ ಮಾಡಿ, ಅರ್ಧ ಪೆಡಲ್ ಹೊಡೆಯುವುದಕ್ಕೆ ನಾವು ಕೈಂಚಿ ಎನ್ನುತ್ತಿದ್ದೆವು. ಕಲ್ಲಿನ ಚೂರು ಹರಡಿದ ಆ ದಾರಿಯಲ್ಲಿ ಕೈಂಚಿ ಹೊಡೆದು ಕಲಿತ ನನ್ನ ಮೊಣಕಾಲಿನಲ್ಲಿ ತಾಂಡೂರಿನ ಕಲ್ಲು ಇನ್ನೂ ಒಂದೆರಡು ಚೂರು ಒಳಗೇ ಇರಬೇಕು ಅಂತ ನನ್ನ ಗುಮಾನಿ. ಈಗ ಮೊಣಕಾಲು ನೋಯುವುದಕ್ಕೂ ಅದೇ ಕಾರಣ ಎಂದರೆ ಡಾಕ್ಟರು ಒಪ್ಪುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಸೈಕಲ್ ಹೊರಗೆ ತೆಗೆದರು. ರಜೆಯ ದಿನ, ಕಾರ್ಖಾನೆ ಇಲ್ಲ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಬಾಯಿ ತಪ್ಪಿ, "ಎಲ್ಲಿಗಿ ಹೊಂಟ್ರಿ?" ಎಂದು ಕೇಳಿಬಿಟ್ಟಳು. ಅಪ್ಪ ನಕ್ಕರು. "ಬಂದ್ ಹೇಳ್ತೀನಿ" ಅಂದರು. ಊರ ಹೊರಗೆ ಕಲ್ಲಿನ ಲಾರಿ ಹಿಂದಿನಿಂದ ಬಂತು. ಅವರು ಬಂದು ಹೇಳಲಿಲ್ಲ. ಆ ದಾರಿಯಲ್ಲಿ ನಮ್ಮ ನೆಂಟರಿಲ್ಲ, ಸ್ನೇಹಿತರಿಲ್ಲ, ಸಂತೆಯಿಲ್ಲ. ಎಲ್ಲಿಗೆ ಹೋಗುತ್ತಿದ್ದರು ಎಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಅವ್ವ ಯಾರನ್ನೂ ಎಲ್ಲಿಗೆ ಎಂದು ಕೇಳಲಿಲ್ಲ. ಶಾಲೆಗೆ ಹೊರಟ ನನ್ನನ್ನೂ ಕೇಳಲಿಲ್ಲ, ಅಳಿಯನನ್ನೂ ಕೇಳಲಿಲ್ಲ. ಅವಳನ್ನು ನೋಡಿ ಕೇಳದಿರುವುದನ್ನು ನಾನೂ ಕಲಿತೆ. ನನಗೆ ಮದುವೆಯಾಗಿ ಈ ಊರಿಗೆ ಬಂದಾಗ ಅವ್ವನೂ ನಮ್ಮ ಜೊತೆ ಬಂದಳು. ಅಂದಿನಿಂದ ನಮ್ಮ ಮನೆಯಿಂದ ಜನ ಹೊರಗೆ ಹೋಗುವುದೆಂದರೆ ಕಳ್ಳರು ಹೋದ ಹಾಗೆ. ಒಬ್ಬರು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ, ಇನ್ನೊಬ್ಬರು ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ.

ಇಂಥ ಮನೆಯಲ್ಲಿ ಗ್ರಾವೆಲ್ ಸೈಕಲ್ ಬಂದು ಸೇರಿಕೊಂಡಿತು ನೋಡಿ! ನಮ್ಮ ಮನೆಯವರಿಗೆ ಶುಗರ್. ದಿನಾ ನಡೆಯಿರಿ ಎಂದರು ಡಾಕ್ಟರು. ನಡೆದು ನಡೆದು ಬೇಸರವಾಗಿ, ನಿವೃತ್ತಿಯಾದ ಕೂಡಲೇ ಹೈದರಾಬಾದಿಗೆ ಹೋಗಿ ಈ ಸೈಕಲ್ ತಂದರು. ದಪ್ಪ ಟೈರು, ಟೈರಿನ ಮೇಲೆ ಗುಬುಟು, ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡ ಹ್ಯಾಂಡಲ್. ಡಾಂಬರು ಬಿಟ್ಟು ಕಚ್ಚಾ ದಾರಿ, ಮೊರಂ ಜಲ್ಲಿಯ ದಾರಿ, ಹೊಲದ ಬದು, ಎಲ್ಲಿ ಬೇಕಾದರೂ ಹೋಗುತ್ತದಂತೆ. ಓಣಿಯವರು ಸುತ್ತಿ ಸುತ್ತಿ ನೋಡಿದರು. "ಏನ್ರಿ ಮಾಸ್ತರ್ರ, ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಅಂಗಡಿಯಾಂವ ಪೂರಾ ಕೊಟ್ಟಿಲ್ಲ ನೋಡ್ರಿ ನಿಮಗ" ಎಂದು ಮರುಗಿದರು. ಇವರು ಒಬ್ಬರೇ ಹೋದರೆ ನಾನು ಮನೆಯಲ್ಲಿ ಕೂತು ಫಿಕರ್ ಮಾಡುತ್ತೇನೆಂದು ನನಗೂ ಒಂದು ತಂದರು. ಆಮೇಲೆ ನಾನು ಸೈಕಲ್ ಮೇಲೆ ಕೂತು ಫಿಕರ್ ಮಾಡತೊಡಗಿದೆ.

ಪ್ರತಿ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಹೊರಡುವುದು. ನಮ್ಮ ಜಹೀರಾಬಾದಿನ ಕೆಂಪು ಮೊರಂ ದಾರಿಯ ಮೇಲೆ ದಪ್ಪ ಟೈರು ಕರಕರ ಎನ್ನುತ್ತದೆ. ಶುಂಠಿ ಹೊಲ, ಕಬ್ಬು, ತೊಗರಿ ದಾಟಿ ರಾಯಿಕೋಡಿಗೆ ಹೋದರೆ ಚಹಾ. ಅಲ್ಲಿಂದ ಮುಂದೆ ಕೆಂಪು ಕಡಿಮೆಯಾಗುತ್ತಾ ಬಂದು ಮಂಜೀರಾ ದಂಡೆಯ ಕರಿಮಣ್ಣು ಶುರು. ನದಿಯ ಬದಿಯ ಇಳಿಜಾರಿನಲ್ಲಿ ಈಚೆಗೆ ದ್ರಾಕ್ಷಿ ತೋಟಗಳು ಬಂದಿವೆ, ಅದೂ ವೈನ್ ದ್ರಾಕ್ಷಿ. ತಂತಿಗೆ ಹಬ್ಬಿಸಿದ ಬಳ್ಳಿಯ ಸಾಲುಗಳ ನಡುವೆ ಕಿರಿದಾದ ದಾರಿ, ಕಂಕರ ಅಂದರೆ ಸಣ್ಣ ಜಲ್ಲಿಕಲ್ಲು ಹಾಕಿದ್ದು. ಇವರು ಮುಂದೆ, ನಾನು ಹಿಂದೆ. ಇವರು ನದಿ ನೋಡುತ್ತಾರೆ, ಕೊಕ್ಕರೆ ನೋಡುತ್ತಾರೆ. ನಾನು ನೋಡುವುದು ಇವರ ಟೈರು ನೆಲದ ಮೇಲೆ ಬಿಡುವ ಗುರುತು. ಮೂರು ಗುಬುಟಿನ ಸಾಲು, ನಡುವಿನದು ಸ್ವಲ್ಪ ಸವೆದದ್ದು. ಅದರ ಮೇಲೇ ನನ್ನ ಚಕ್ರ ಬಿಟ್ಟುಕೊಂಡು ಹೋದರೆ ತಗ್ಗಿನಲ್ಲಿ ಬೀಳುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಮಂಜೀರಾ ಕಣಿವೆಯ ಸೊಬಗು ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಟೈರಿನ ಗುರುತನ್ನೇ ವರ್ಣಿಸಬೇಕು.

ಅಲ್ಲಿನ ಒಂದು ತೋಟ ಶಾಂತಮ್ಮನದು. ನನ್ನ ವಯಸ್ಸಿನವಳು, ಗಟ್ಟಿ ಹೆಂಗಸು, ದನಿ ಆಚೆ ದಂಡೆಗೂ ಕೇಳುವಂಥದ್ದು. ಮೊದಲ ಸಲ ಹೋದಾಗ ಗೊಂಚಲಿಗೆ ಕೈ ಹಾಕಿದ ನನ್ನನ್ನು ತಡೆದು, "ಅವು ತಿನ್ನೋವಲ್ರಿ ಅಕ್ಕಾರ, ಕುಡ್ಯಾಕ್ ಹೋಗೋವು" ಅಂದಿದ್ದಳು. ಸಣ್ಣ ಕಾಳು, ದಪ್ಪ ತೊಗಲು, ಒಳಗೆ ಬೀಜ. ಆದರೂ ಬಾಯಿಗೆ ಹಾಕಿಕೊಂಡರೆ ಬೆಲ್ಲದ ಪಾಕ. ಫ್ಯಾಕ್ಟರಿಯವರು ಸಿಹಿ ನೋಡಿ ನೋಡಿ, ಪೂರ್ತಿ ಹಣ್ಣಾದ ಮೇಲೇ ಕೊಯ್ಯಲು ಹೇಳುತ್ತಾರಂತೆ. "ನೀವು ವೈನ್ ಕುಡ್ದು ನೋಡೀರೇನು?" ಎಂದು ಕೇಳಿದೆ. "ಅಯ್ಯ, ನಮಗ್ಯಾಕ್ರಿ ಅದು! ಒಮ್ಮಿ ಬಾಟ್ಲಿ ಕೊಟ್ಟು ಹೋಗಿದ್ರು. ಗೆಣ್ಣ ನೋಯ್ತಾವಂತ ಮಾವನ ಕಾಲಿಗಿ ತಿಕ್ಕಿದ್ವಿ" ಅಂದಳು. ಗುಣವಾಯಿತೋ ಇಲ್ಲವೋ ಹೇಳಲಿಲ್ಲ. ಮನೆಗೆ ಬಂದು ಅವ್ವನಿಗೆ ವೈನ್ ತೋಟದ ಸುದ್ದಿ ಹೇಳಿದ್ದೇ ತಪ್ಪಾಯಿತು. ಅಳಿಯ ವಾರಕ್ಕೊಮ್ಮೆ ಬೆಳಿಗ್ಗೆ ಬೆಳಿಗ್ಗೆ ಸೈಕಲ್ ಹತ್ತಿ ಕುಡಿಯಲು ಹೋಗುತ್ತಾನೆಂದೂ, ಮಗಳು ಕಾವಲಿಗೆ ಹೋಗುತ್ತಾಳೆಂದೂ ಅವಳು ತೀರ್ಮಾನಿಸಿಕೊಂಡಳು.

ಈ ಮಾಘದ ಕೊನೆಯಲ್ಲಿ ಅವ್ವನಿಗೆ ಕಣ್ಣಿನ ಆಪರೇಶನ್ ಆಯಿತು. ಕಪ್ಪು ಕನ್ನಡಕ ಕೊಟ್ಟು, ಹೊತ್ತು ಹೊತ್ತಿಗೆ ಹನಿ ಹಾಕಿ, ಹೊಗೆ ತಾಗಿಸಬೇಡಿ, ಅಳಿಸಬೇಡಿ ಎಂದು ಕಳಿಸಿದರು. ಹಾಗಾಗಿ ಆ ಭಾನುವಾರ ಇವರು ಒಬ್ಬರೇ ಹೊರಟರು. ನಾನು ಹನಿಯ ಬಾಟಲಿ ಹಿಡಿದುಕೊಂಡು ಅವ್ವನ ಕಣ್ಣಿನ ಮುಂದೆ ಬಗ್ಗಿ ನಿಂತಿದ್ದೆ. ಬಾಗಿಲ ಸಪ್ಪಳಕ್ಕೆ ತಿರುಗದೆಯೇ, "ದೂರ ಏನ್ರಿ?" ಅಂದೆ.

"ಇಲ್ಲೇ" ಅಂದರು. ಚಕ್ರದ ಕರಕರ ಓಣಿಯ ಮೂಲೆಯವರೆಗೆ ಕೇಳಿಸಿತು.

ಬಿಸಿಲು ಅಂಗಳಕ್ಕೆ ಇಳಿಯಿತು, ಇವರು ಬರಲಿಲ್ಲ. ಮಂಡಕ್ಕಿಯ ಸುಸಲಾ ಮಾಡಿದ್ದೆ, ತಟ್ಟೆ ಹಾಕೋಣವೆಂದು ಅಡಿಗೆಮನೆಗೆ ಹೋದರೆ ಕಟ್ಟೆಯ ಮೇಲೆ ಶೇಂಗಾ ಉಂಡೆಯ ಡಬ್ಬಿ ಹಾಗೇ ಕೂತಿತ್ತು. ದಾರಿಯಲ್ಲಿ ತಿನ್ನಲೆಂದು ನಾನೇ ತುಂಬಿಟ್ಟಿದ್ದು. ಪಕ್ಕದಲ್ಲಿ ಗುಳಿಗೆಯ ಪಟ್ಟಿ, ಒಂದು ಗುಳಿಗೆ ಒಡೆದು ತೆಗೆದದ್ದು. ಅಂದರೆ ಶುಗರಿನ ಗುಳಿಗೆ ನುಂಗಿದ್ದಾರೆ, ಹೊಟ್ಟೆಗೆ ಏನೂ ಇಲ್ಲ, ಸೈಕಲ್ ಹೊಡೆಯುತ್ತಿದ್ದಾರೆ. ಹೀಗಾದರೆ ಸಕ್ಕರೆ ಏಕಾಏಕಿ ಇಳಿಯುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಫೋನ್ ಹಚ್ಚಿದೆ. ಹೆಣ್ಣು ದನಿಯೊಂದು ತೆಲುಗಿನಲ್ಲಿ, ನೀವು ಕರೆ ಮಾಡಿದವರು ವ್ಯಾಪ್ತಿಯ ಹೊರಗಿದ್ದಾರೆ ಎಂದಿತು. ಮತ್ತೆ ಹಚ್ಚಿದೆ. ಅದೇ ದನಿ, ಅದೇ ಸಮಾಧಾನ. ಇವಳಿಗೇನು ಹೋಗುತ್ತದೆ!

ಜನ್ಮವಿಡೀ ಬಾರದ ಕಷ್ಟಗಳಿಗೆ ಫಿಕರ್ ಮಾಡಿದವಳು ನಾನು. ನಿಜವಾದದ್ದು ಬಂದಾಗ ಹೇಗೆ ಫಿಕರ್ ಮಾಡಬೇಕೆಂದೇ ತಿಳಿಯಲಿಲ್ಲ. ನಿಂತ ಜಾಗದಲ್ಲೇ ಸುಸಲಾ ಮುಚ್ಚಿಟ್ಟೆ, ತೆಗೆದೆ, ಮತ್ತೆ ಮುಚ್ಚಿಟ್ಟೆ. ಯಾರಾದರೂ "ಎಲ್ಲಿಗೆ ಹೋಗ್ಯಾರ?" ಎಂದು ಕೇಳಿದರೆ ಏನು ಹೇಳಲಿ? ಇಲ್ಲೇ ಹೋಗಿದ್ದಾರೆ ಎನ್ನಲೇ? ಗಂಡ ಕಾಣೆಯಾಗಿದ್ದಾನೆ, ಯಾವ ದಿಕ್ಕಿಗೆ ಎಂದು ಹೆಂಡತಿಗೆ ಗೊತ್ತಿಲ್ಲ, ಯಾಕೆಂದರೆ ಕೇಳುವುದು ಅಪಶಕುನ!

ಒಳಗಿನ ಕೋಣೆಯಿಂದ ಅವ್ವ, "ಗಂಗೂ, ಮಾಸ್ತರ್ರು ಬಂದಿಲ್ಲೇನ?" ಅಂದಳು.

"ಬರ್ತಾರ ತಗಿ. ನಾ ಹಿಂಗ ಹೋಗಿ ಹಂಗ ಬರ್ತೀನಿ."

ಅವ್ವನ ಬಾಯಿ ತೆರೆದದ್ದು ಕಂಡಿತು. ಕಪ್ಪು ಕನ್ನಡಕ ನನ್ನ ಕಡೆಗೇ ಇತ್ತು. ಏನೋ ಕೇಳಲು ಬಂದವಳು ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಪಕ್ಕದ ಮನೆಯವರಿಗೆ ಅವ್ವನನ್ನು ನೋಡಿಕೊಳ್ಳಲು ಹೇಳಿ, ಉಂಡೆಯ ಡಬ್ಬಿ ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದೆ. ಜೀಪಿನಲ್ಲೋ ಆಟೋದಲ್ಲೋ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಅವು ಹೋಗುವುದು ಡಾಂಬರಿನ ಮೇಲೆ. ಇವರು ಬಿದ್ದಿದ್ದರೆ ಬದುವಿನ ಪಕ್ಕ, ತೊಗರಿ ಸಾಲಿನ ಹಿಂದೆ ಬಿದ್ದಿರುತ್ತಾರೆ. 'ಬಿದ್ದಿದ್ದರೆ' ಎಂಬುದನ್ನು ಮನಸ್ಸಿನಲ್ಲಿ ಹೇಳಿಕೊಂಡದ್ದಕ್ಕೆ ಕೆನ್ನೆ ಬಡಿದುಕೊಂಡೆ, ಸೈಕಲ್ ಸೊಟ್ಟ ಹೋಯಿತು.

ದಾರಿಯಲ್ಲಿ ಸಿಕ್ಕ ಸಿಕ್ಕವರನ್ನು ಕೇಳಿದೆ. ಎಲ್ಲರೂ ನೋಡಿದ್ದರು. ಟಗರಿನ ಕೊಂಬಿನ ಸೈಕಲ್ ಯಾರು ನೋಡದೆ ಬಿಡುತ್ತಾರೆ? ಶುಂಠಿ ಅಗೆಯುತ್ತಿದ್ದ ಹೆಂಗಸರು ನೋಡಿದ್ದರು, ಕಬ್ಬಿನ ಟ್ರ್ಯಾಕ್ಟರಿನವನು ನೋಡಿದ್ದ. "ಹೌದ್ರಿ, ಹೊತ್ತು ಏಳೋದ್ರಾಗ ಹೋದ್ರಲ್ಲ. ದೂರ ಏನ್ರಿ ಮಾಸ್ತರ್ರ ಅಂದೆ. ಇಲ್ಲೇ ಅಂದ್ರು" ಎಂದ ಅವನು. ರಾಯಿಕೋಡಿನ ಚಹಾ ಅಂಗಡಿಯವನು ನಮ್ಮ ಪರಿಚಯದವನೇ, ಪ್ರತಿ ಭಾನುವಾರ ಇವರಿಗೆ ಸಕ್ಕರೆ ಇಲ್ಲದ ಚಹಾ ಕೊಡುವಾಗ ಅಯ್ಯೋ ಎನ್ನುವವನು.

"ಬಂದಿದ್ರು ಅಕ್ಕಾರ. ಚಹಾ ಕುಡ್ದು ಹೋದ್ರು."

"ಬಿಸ್ಕೀಟ್ ಗಿಸ್ಕೀಟ್ ತಿಂದ್ರೇನು?"

"ಇಲ್ಲ್ರಿ. ಮನ್ಯಾಗ ಉಂಡಿ ಅದ, ಹೋಗಿ ತಿಂತೀನಿ ಅಂದ್ರು. ಖಾಲಿ ಚೀಲ ತೋರ್ಸಿ ನಕ್ಕರು ಮತ್ತ."

"ಎಲ್ಲಿಗಿ ಹೋಗ್ತೀನಿ ಅಂದ್ರು?"

ಅವನು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. "ಹೊಂಟ ಮನಷ್ಯಾಗ ಎಲ್ಲಿಗಿ ಅಂತ ಹ್ಯಾಂಗ್ ಕೇಳೋದ್ರಿ ಅಕ್ಕಾರ? ದೂರ ಏನ್ರಿ ಅಂದೆ." ಇವರು ಏನೆಂದಿರಬಹುದೆಂದು ನಾನು ಕೇಳಲಿಲ್ಲ.

ಊರು ತುಂಬ ಮರ್ಯಾದಸ್ಥರು! ಒಬ್ಬನಾದರೂ ಬಾಯಿ ಹರಕ, ಒಬ್ಬನಾದರೂ ತಲೆಹರಟೆ ಇರಬಾರದಿತ್ತೇ ಎಂದು ಬೈದುಕೊಳ್ಳುತ್ತಾ ಪೆಡಲ್ ತುಳಿದೆ. ರಾಯಿಕೋಡಿನ ಮುಂದೆ ದಾರಿ ಒಡೆಯುತ್ತದೆ. ನೇರ ಹೋದರೆ ಸೇತುವೆ ದಾಟಿ ನಾರಾಯಣಖೇಡ, ಎಡಕ್ಕೆ ಇಳಿದರೆ ದ್ರಾಕ್ಷಿ ತೋಟಗಳು. ಇವರು ಖೇಡದ ಶಾಲೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಸೈಕಲ್ ಮೇಲೆ ಖೇಡಕ್ಕೆ ಹೋಗಿ ಹಳೆಯ ಜೊತೆಗಾರರ ಮುಂದೆ ಸುಳಿದಾಡಬೇಕೆಂಬ ಆಸೆ ಬಹಳ ದಿನದ್ದು. ನಾನಿದ್ದಾಗ ಬೇಡ ಎನ್ನುತ್ತೇನಲ್ಲ, ಇವತ್ತು ನಾನಿಲ್ಲ. ಅದೇ ಇರಬೇಕೆಂದು ನೇರ ತುಳಿದೆ.

ಸೇತುವೆಯ ಮೇಲೆ ಗಾಳಿ. ಸೈಕಲ್ ಒರಗಿಸಿ ಕಟಾಂಜನ ಹಿಡಿದು ಕೆಳಗೆ ನೋಡಿದೆ. ಮಂಜೀರಾ ನೀರು ಹಸಿರಾಗಿ ಸುಮ್ಮನಿತ್ತು. ದಂಡೆಯಲ್ಲಿ ಎಮ್ಮೆ, ಬಟ್ಟೆ, ಒಂದು ಹಳೆ ತೆಪ್ಪ. ನೀರಂಚಿನಲ್ಲಿ ಏನೋ ಹೊಳೆಯಿತು, ಚಕ್ರದ ತಂತಿಯೇ ಇರಬೇಕೆನ್ನಿಸಿತು. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರೆ ಯಾರೋ ತಿಕ್ಕಿ ಬೋರಲು ಹಾಕಿದ ತಟ್ಟೆ. ಅಲ್ಲೇ ಕೂತುಬಿಟ್ಟೆ. ಅವ್ವ ಹೀಗೇ ಕೂತಿದ್ದಳು, ಹಿಟ್ಟಿನ ಕೈ ತೊಳೆಯದೆ, ತಾಂಡೂರಿನ ಮನೆಯ ಕಟ್ಟೆಯ ಮೇಲೆ. ಅವಳು ಕೇಳಿ ಕಳೆದುಕೊಂಡಳು, ನಾನು ಕೇಳದೆ ಕಳೆದುಕೊಂಡೆ. ಹಾಗಾದರೆ ಇಷ್ಟು ವರ್ಷ ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಏನು ಕಾಪಾಡಿದೆವು? ಇದು ಹೊಳೆದದ್ದೇ ನನಗೆ ಅಳುವಿಗಿಂತ ಸಿಟ್ಟು ಜಾಸ್ತಿ ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಖೇಡದ ಕಡೆಯಿಂದ ಬಂದ ಬೈಕಿನವನೊಬ್ಬನನ್ನು ತಡೆದು ಕೇಳಿದೆ. ಖೇಡದಿಂದ ಇಲ್ಲಿಯವರೆಗೆ ಯಾವ ಸೈಕಲ್ಲೂ ಎದುರಾಗಲಿಲ್ಲ ಎಂದ. ತಿರುಗಿಸಿದೆ.

ದಾರಿ ಒಡೆಯುವಲ್ಲಿಗೆ ವಾಪಸು ಬಂದಾಗ ತಲೆ ಎತ್ತುವ ಶಕ್ತಿ ಇರಲಿಲ್ಲ. ತಲೆ ತಗ್ಗಿಸಿ ಹೋಗುತ್ತಿದ್ದವಳಿಗೆ ಕಂಡಿತು ನೋಡಿ. ಧೂಳಿನಲ್ಲಿ ಮೂರು ಗುಬುಟಿನ ಸಾಲು, ನಡುವಿನದು ಸವೆದದ್ದು. ಎಡಕ್ಕೆ, ತೋಟದ ಕಡೆ ಇಳಿದಿತ್ತು. ಹೋಗುವಾಗ ದೂರ ದೂರ ನೋಡುತ್ತಾ ಹೋದ ನಾನು ಪ್ರತಿ ಭಾನುವಾರ ನೋಡುವುದನ್ನೇ ನೋಡಿರಲಿಲ್ಲ. ಗುರುತು ಸ್ವಲ್ಪ ದೂರ ನೆಟ್ಟಗಿತ್ತು. ಆಮೇಲೆ ಅತ್ತ ಇತ್ತ ಓಲಾಡತೊಡಗಿತು. ಕಂಕರದ ದಾರಿ ಬಂದ ಕಡೆ ಮಾಯವಾಯಿತು, ಮತ್ತೆ ಕಂಡಿತು, ದಾರಿ ಬಿಟ್ಟು ಬಳ್ಳಿಯ ಸಾಲಿನೊಳಗೆ ನುಗ್ಗಿತ್ತು. ಆ ಸಾಲಿನ ಬುಡದಲ್ಲಿ ಸೈಕಲ್ ಮಲಗಿತ್ತು. ಸೈಕಲ್ ಮಾತ್ರ ಇತ್ತು.

"ಯಾರ್ರೀ ಇಲ್ಲಿ?" ಎಂದು ಕೂಗಿದೆ.

"ಬರ್ರಿ ಅಕ್ಕಾರ, ಈ ಕಡಿ ಬರ್ರಿ!" ಶಾಂತಮ್ಮನ ದನಿ. "ಏನೂ ಆಗಿಲ್ಲ, ಜರಾ ಚಕ್ಕರ್ ಬಂದದ ಅಷ್ಟ್!"

ಕೊಯ್ದ ದ್ರಾಕ್ಷಿಯ ಕ್ರೇಟುಗಳ ಪಕ್ಕ, ಬೇವಿನ ನೆರಳಿನಲ್ಲಿ ಹೊರಸು. ಹೊರಸಿನ ಮೇಲೆ ನಮ್ಮ ಮನೆಯವರು. ಮೊಣಕೈ ತರಚಿತ್ತು, ಗಲ್ಲ, ಅಂಗಿ, ಮೀಸೆ ಎಲ್ಲ ದ್ರಾಕ್ಷಿ ರಸದ ನೇರಳೆ ಬಣ್ಣ. ಶಾಂತಮ್ಮ ವರದಿ ಒಪ್ಪಿಸಿದಳು. ಕೊಯ್ಲು ನಡೆದಿರುವಾಗ ಸೈಕಲ್ ಸೀದಾ ಬಳ್ಳಿಯೊಳಗೆ ಬಂದು ಬಿತ್ತಂತೆ. ಮೈ ಬೆವರು, ಕೈ ನಡುಕ, ಮಾತು ತೊದಲು. ಆಳುಗಳು ಕುಡಿದಿದ್ದಾರೆ ಎಂದರಂತೆ. "ಮಾಸ್ತರ್ರು ಅಂಥವರಲ್ಲ ಅಂದೆ. ನಮ್ಮ ಮಾವಗೂ ಶುಗರ್ ಅದರಿ, ಹಿಂಗೇ ಮಾಡ್ತಾರ. ಬಾಯಾಗ ದ್ರಾಕ್ಷಿ ಹಿಂಡೀನಿ ನೋಡ್ರಿ, ಒಂದ್ ಗೊಂಚಲ ಮ್ಯಾಲ್ ಒಂದ್ ಗೊಂಚಲ. ಹೊತ್ತಾದ್ ಮ್ಯಾಲ ಕಣ್ಣ ತೆರದ್ರು. ಫೋನಿಗಿ ಇಲ್ಲಿ ಸಿಗ್ನಲ್ ಇಲ್ಲ. ಕ್ರೇಟಿನ ಆಟೋ ಬಂದ್ರ ಅದರಾಗೇ ಕಳಸೋಣಂತ ಕುಂತೀವಿ." ಫ್ಯಾಕ್ಟರಿಗೆ ಹೋಗಿ ವೈನಾಗಬೇಕಾದದ್ದು ಹೀಗೆ ನಮ್ಮವರ ಹೊಟ್ಟೆಗೆ ಹೋಗಿತ್ತು.

ಇವರು ನನ್ನನ್ನು ನೋಡಿ, "ಇಷ್ಟ್ ದೂರ ಒಬ್ಬಾಕಿನೇ ಬಂದಿ?" ಅಂದರು.

ನಾನು ಬೈಯಬೇಕೆಂದು ಬಾಯಿ ತೆಗೆದೆ. ಅಳು ಬಂತು. ಹೊರಸಿನ ಕಾಲು ಹಿಡಿದು ನೆಲದ ಮೇಲೆ ಕೂತು ಅತ್ತುಬಿಟ್ಟೆ, ಆಳುಗಳೆಲ್ಲ ನೋಡುತ್ತಿದ್ದರು. ಅಳು ಸ್ವಲ್ಪ ನಿಂತ ಮೇಲೆ ಚೀಲದಿಂದ ಉಂಡೆಯ ಡಬ್ಬಿ ತೆಗೆದು ಇವರ ಎದೆಯ ಮೇಲೆ ಇಟ್ಟೆ. "ಇದನ್ ಬಿಟ್ ಬರ್ತಾರೇನ್ರಿ? ಬುದ್ಧಿ ಬ್ಯಾಡಾ?"

"ಓಣಿ ಮೂಲ್ಯಾಗೇ ನೆಪ್ಪಾತು" ಎಂದರು ಮೆಲ್ಲಗೆ. "ತಿರುಗಿ ಬಂದ್ರ ನಿಮ್ಮವ್ವ ಮನಸಿಗಿ ಹಚ್ಕೊಂತಾರ ಅಂತ... ಕಣ್ಣಿನ ಆಪರೇಶನ್ ಬ್ಯಾರೆ ಆಗ್ಯದ. ಅಳಬಾರದಂದಾರಲ್ಲ ಡಾಕ್ಟರು."

ಎಷ್ಟೋ ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮನುಷ್ಯ! ಓಣಿಯ ಮೂಲೆಯಿಂದ ಅಡಿಗೆಮನೆಯವರೆಗಿನ ದೂರ, ಅತ್ತೆಯ ಕಣ್ಣೀರು, ತನ್ನ ಜೀವ, ಮೂರನ್ನೂ ತೂಗಿ ನೋಡಿ ಹಸಿದುಕೊಂಡು ಮುಂದೆ ಹೋಗಿದ್ದಾರೆ. ನಾನು ಉಂಡೆ ಒಡೆದು ಇವರ ಬಾಯಿಗೆ ಹಾಕಿದೆ.

ಆಟೋ ಬಂತು. ದ್ರಾಕ್ಷಿಯ ಕ್ರೇಟುಗಳ ಮೇಲೆ ಎರಡು ಸೈಕಲ್ ಕಟ್ಟಿ, ನಾವು ಮುಂದೆ ಡ್ರೈವರನ ಜೊತೆ ಇಕ್ಕಟ್ಟಾಗಿ ಕೂತು ಜಹೀರಾಬಾದಿಗೆ ಬಂದೆವು. ಡಾಕ್ಟರಿಗೆ ತೋರಿಸಿ, ಬೈಸಿಕೊಂಡು, ಮನೆ ಮುಟ್ಟಿದಾಗ ಅವ್ವ ಹೊಸ್ತಿಲ ಮೇಲೆ ಕೂತಿದ್ದಳು. ಕಪ್ಪು ಕನ್ನಡಕದ ಕೆಳಗಿಂದ ನೀರು ಎರಡೂ ಕಡೆ ಇಳಿದು ಸೆರಗು ತೊಯ್ದಿತ್ತು. ಡಾಕ್ಟರ ಮಾತು ಎಲ್ಲಿ ಹೋಯಿತೋ! ಇವರು ಕೆಳಗಿಳಿದದ್ದು ಕಂಡು ಎದ್ದು ನಿಂತಳು. ಅಳಿಯನ ಮುಂದೆ ಎಂದೂ ಸೆರಗು ಸರಿಪಡಿಸಿಕೊಳ್ಳದೆ ನಿಲ್ಲದವಳು ಅವತ್ತು ಹಾಗೇ ಬಂದು, ಇವರ ಅಂಗಿಯ ಬೆನ್ನ ಮೇಲಿದ್ದ ದಾರಿಯ ಧೂಳನ್ನು ಸೆರಗಿನಿಂದ ಕೊಡವತೊಡಗಿದಳು. ಧೂಳು ಹೋದ ಮೇಲೂ ಕೊಡವುತ್ತಿದ್ದಳು. ಇವರು ಅಲುಗದೆ ನಿಂತಿದ್ದರು.

ರಾತ್ರಿಯ ಊಟ ಬಡಿಸುವಾಗ ನಾನು ಎಲ್ಲ ಹೇಳಿದೆ. ಡಬ್ಬಿ ಮರೆತದ್ದು, ಓಣಿಯ ಮೂಲೆಯಲ್ಲಿ ನೆನಪಾದದ್ದು, ತಿರುಗಿ ಬಾರದ್ದು. ಮುಚ್ಚಿಡಬಹುದಿತ್ತು. ಮುಚ್ಚಿಟ್ಟು ಮುಚ್ಚಿಟ್ಟು ನನಗೆ ಸಾಕಾಗಿತ್ತು. ಅವ್ವ ತುತ್ತು ಕೈಯಲ್ಲೇ ಹಿಡಿದು ಕೇಳಿದಳು. ತುತ್ತು ತಟ್ಟೆಯಲ್ಲಿಟ್ಟು ಕೈ ತೊಳೆದಳು.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಕಬ್ಬಿಣ ನೆಲಕ್ಕೆ ಉಜ್ಜುವ ಸಪ್ಪಳ ಕೇಳಿಸಿತು. ಅಟ್ಟದ ಕೆಳಗಿದ್ದ ಮದುವೆ ಕುರ್ಚಿಯನ್ನು ಅವ್ವ ಎಳೆದುಕೊಂಡು ಬರುತ್ತಿದ್ದಳು. ಬಾಗಿಲ ಪಕ್ಕ ಬಿಡಿಸಿ ಇಟ್ಟಳು. ಸ್ಟೂಲು ತಂದಳು, ತಂಬಿಗೆ ತಂದಳು. ಇವರು ಹೆದರಿ ಹೆದರಿ ಸೈಕಲ್ ಹೊರಗೆ ತೆಗೆದಿದ್ದರು. ಡಾಕ್ಟರು ಸ್ವಲ್ಪ ದೂರ ಹೋಗಬಹುದು ಎಂದಿದ್ದರು, ನಾನು ಇನ್ನೂ ಒಪ್ಪಿರಲಿಲ್ಲ. ಒಂದು ಕಾಲು ಪೆಡಲಿನ ಮೇಲಿತ್ತು.

ಅವ್ವ ಹೊಸ್ತಿಲಲ್ಲಿ ನಿಂತು, ಕಪ್ಪು ಕನ್ನಡಕ ಏರಿಸಿಕೊಂಡು, ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು: "ಎಲ್ಲಿಗಿ ಹೊಂಟ್ರಿ?"

ನನ್ನ ಬಾಯಲ್ಲಿ ಬ್ರಷ್ ಹಾಗೇ ನಿಂತಿತು. ಎದುರು ಮನೆಯವರು ಕಿಟಕಿಯಲ್ಲಿ ಇಣುಕಿದರು. ಇವರು ಅವ್ವನನ್ನು ನೋಡಿದರು, ಕುರ್ಚಿ ನೋಡಿದರು. ಸೈಕಲನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು, ಒಳಗೆ ಬಂದು ಕುರ್ಚಿಯ ಮೇಲೆ ಕೂತರು. ಅವ್ವ ಬೆಲ್ಲ ಕೊಟ್ಟಳು, ತಿಂದರು. ನೀರು ಕೊಟ್ಟಳು, ಕುಡಿದರು. ನಾನು ಓಡಿ ಹೋಗಿ ಉಂಡೆಯ ಡಬ್ಬಿ ತಂದು ಚೀಲಕ್ಕೆ ಹಾಕಿದೆ.

"ರಾಯಿಕೋಡ್ ತನಕ ಹೋಗ್ತೀನ್ರಿ ಅತ್ತಿ. ಚಹಾ ಕುಡ್ದು, ಅದೇ ದಾರೀಲಿ ವಾಪಸ್ ಬರ್ತೀನಿ" ಎಂದರು ಇವರು, ಶಾಲೆಯ ಹುಡುಗ ಪಾಠ ಒಪ್ಪಿಸಿದ ಹಾಗೆ.

"ಹಾಂ" ಎಂದಳು ಅವ್ವ. "ಹೋಗಿ ಬರ್ರಿ."

ಸೈಕಲ್ ಮೂಲೆ ತಿರುಗಿದ ಮೇಲೆ ಅವಳು ಆ ಕುರ್ಚಿಯಲ್ಲೇ ಕೂತಳು. ನಾನು ಅವಳ ಕಾಲ ಬಳಿ ಕೂತೆ. "ಆವತ್ತ ನಾ ಕೇಳಿದ್ದು ತಪ್ಪಲ್ಲ ಅನಸ್ತದ ಗಂಗೂ" ಅಂದಳು. "ಕೈಯಾಗ ಹಿಟ್ಟಿತ್ತು. ಬರ್ರಿ, ಕುಂದರ್ರಿ, ನೀರ್ ಕುಡ್ದು ಹೇಳಿ ಹೋಗ್ರಿ ಅಂತ ಅನ್ನಲಿಲ್ಲ. ರೊಟ್ಟಿ ಹತ್ತತದಂತ ಒಳಗ ಓಡಿ ಬಂದೆ."

ನಾನು ಅವಳ ಪಾದದ ಮೇಲೆ ಕೈ ಇಟ್ಟೆ. ಅಳಬೇಡ ಅನ್ನಲಿಲ್ಲ.

ನನ್ನ ಫಿಕರ್ ಕಡಿಮೆಯಾಯಿತೇ ಎಂದರೆ, ಇಲ್ಲ. ಈಗಲೂ ಭಾನುವಾರ ಅವರು ಬರುವ ಹೊತ್ತು ದಾಟಿದರೆ ಸುಸಲಾ ಮುಚ್ಚಿಟ್ಟು ತೆಗೆಯುತ್ತೇನೆ. ಆದರೆ ಯಾವ ದಾರಿಯ ಕಡೆ ನೋಡಬೇಕೆಂದು ಗೊತ್ತಿರುತ್ತದೆ. ಅವ್ವನಿಗೆ ಮಾತ್ರ ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಹಾಲಿನವನನ್ನು ಕೇಳುತ್ತಾಳೆ, ಕೇಬಲ್ಲಿನವನನ್ನು ಕೇಳುತ್ತಾಳೆ. ಇಷ್ಟು ವರ್ಷ ಅದೇ ಅಂಚೆ ಕಚೇರಿಗೆ ಹೋಗುವ ನನ್ನನ್ನು ದಿನಾ ಬೆಳಿಗ್ಗೆ ಬಾಗಿಲಲ್ಲಿ ತಡೆದು, "ಎಲ್ಲಿಗಿ ಹೊಂಟಿ?" ಎನ್ನುತ್ತಾಳೆ. ಕೌಂಟರಿನ ಮುಂದೆ ಜನ ಸಾಲು ನಿಂತಿರುತ್ತಾರೆ, ತಡವಾಗುತ್ತದೆ, ಮೇಲಿನವರು ಗಡಿಯಾರ ನೋಡುತ್ತಾರೆ. ನಾನು ಒಳಗೆ ಬಂದು ಕೂರುತ್ತೇನೆ. ನೀರು ಕುಡಿದು, "ಪೋಸ್ಟಾಫೀಸಿಗವ್ವ" ಎನ್ನುತ್ತೇನೆ. ಅವ್ವ ಮೊದಲ ಸಲ ಕೇಳಿದವಳ ಹಾಗೆ ಪೂರ್ತಿ ಕೇಳಿಸಿಕೊಂಡು, "ಹೇಳಿದಿಯಲ್ಲವ್ವ, ಅಷ್ಟ್ ಸಾಕು" ಎಂದು ಬಾಗಿಲು ಬಿಡುತ್ತಾಳೆ.